ಹಡಗಿನ ಪಾಠಕ್ಕೆ ನಮ್ಮೂರ ಕೆರೆ

ಕೇಳಿ ಮಕ್ಕಳೇ, ಇವತ್ತು ಮೊಮ್ಮಗಳು ಸಹನಾಳ ಶಾಲೆಗೆ ಹೋಗಿ ಮೇಷ್ಟ್ರ ಎದುರು ಕೂತುಬಿಟ್ಟೆ. ಹಡಗಿಗೆ ದಾರಿ ಹೇಳುವ ವೆಬ್‌ಸೈಟುಗಳಲ್ಲಿ ಯಾವುದನ್ನು ನಂಬಬೇಕು ಎಂಬುದು ಅವಳ ಪ್ರಾಜೆಕ್ಟು. ‘ಸೈಟನ್ನು ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ಮೊದಲು ನೋಡಬೇಕು’ ಎಂದು ಬರೆದಿದ್ದಳು. ಮೇಷ್ಟ್ರು ಅದನ್ನು ಹೊಡೆದುಹಾಕಿ ಅಂಕ ಕಳೆದಿದ್ದರು.

“ಹೆಸರಿರೋ ಸೈಟಾದ್ರೆ ಸಾಕು ಅಜ್ಜಿ. ತಾರೀಖು ಯಾಕೆ? ಸಮುದ್ರ ಎಲ್ಲಿಗೆ ಹೋಗುತ್ತೆ?” ಎಂದರು ಮೇಷ್ಟ್ರು.

ನಾನು ಏಳಲಿಲ್ಲ. “ನಮ್ಮೂರ ಕೆರೆ ಎಷ್ಟು ಆಳ ಮೇಷ್ಟ್ರೇ?”

“ಸೊಂಟದ ಮಟ್ಟ. ಚಿಕ್ಕಂದಿನಲ್ಲಿ ದಿನಾ ಇಳೀತಿದ್ದೆ.”

“ಜೆಸಿಬಿ ಬಂದು ಹೂಳೆತ್ತಿದ ಮೇಲೆ ಇಳಿದಿದೀರಾ?”

ಅವರು ಸಹನಾಳ ಪ್ರಾಜೆಕ್ಟು ತೆರೆದು, ಅಂಕ ವಾಪಸ್ ಬರೆದರು. ನಾನು ಹೊರಡುವಾಗ, “ಈಗ ಎಷ್ಟು ಆಳ ಇದೆ ಅಜ್ಜಿ?” ಎಂದು ಕೇಳಿದರು.

ನಾನು ಕೆರೆಗಿಳಿದು ಎಷ್ಟು ವರ್ಷವಾಯಿತೋ. “ಇವತ್ತು ಬೆಳಿಗ್ಗೆ ಅಲ್ಲಿ ಎಮ್ಮೆ ತೊಳೆದೋರನ್ನ ಕೇಳಿ” ಎಂದು ಹೇಳಿ ಬಂದೆ.