ಟ್ರೇ ತೆಗೆದು ನೋಡುವ ವರ್ನರ್

ಲೋರ್ನಾ ಟ್ರೆವಾರೊ, ಚರ್ಚಿನ ಹಳೇ ಸಾಮಾನಿನ ಅಂಗಡಿಗೆ ಕೆಲಸಕ್ಕೆ ಸೇರಿ ಇನ್ನೂ ವಾರ ಕಳೆದಿರಲಿಲ್ಲ. ಏಪ್ರಿಲ್ ತಿಂಗಳು. ಅಮೆರಿಕದ ಹ್ಯಾನ್‌ಕಾಕ್ ಊರಿನ ಬೀದಿ ಬದಿಗೆ ಚಳಿಗಾಲವಿಡೀ ತಳ್ಳಿ ಗುಡ್ಡೆ ಹಾಕಿದ್ದ ಹಿಮ ಇದ್ದಿಲಿನ ಬಣ್ಣಕ್ಕೆ ತಿರುಗಿ, ಕರಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಬಾಗಿಲಿನ ಗಂಟೆ ಅಲುಗಿತು. ಎತ್ತರದ ಮುದುಕರೊಬ್ಬರು ಒಳಗೆ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್ ವೈರು. ತಲೆಯ ಮೇಲಿನ ಉಣ್ಣೆ ಟೋಪಿಯ ಒಂದು ಕಿವಿ ಮೇಲಕ್ಕೆ, ಒಂದು ಕಿವಿ ಕೆಳಕ್ಕೆ. ಕೋಟುಗಳ ಸಾಲನ್ನಾಗಲಿ ಪಿಂಗಾಣಿ ಬಟ್ಟಲುಗಳನ್ನಾಗಲಿ ಕಣ್ಣೆತ್ತಿ ನೋಡದೆ ಅವರು ಸೀದಾ ಮೂಲೆಯ ಕಪಾಟಿಗೆ ಹೋದರು. ಹಳೆಯ ಟೋಸ್ಟರು, ರೇಡಿಯೋ, ಡಿವಿಡಿ ಪ್ಲೇಯರುಗಳನ್ನು ಜೋಡಿಸಿಟ್ಟ ಜಾಗ ಅದು. ಮಾರಾಟಕ್ಕಿಟ್ಟ ಕುರ್ಚಿಯೊಂದನ್ನು, ಅದರ ಬೆಲೆಚೀಟಿ ನೇತಾಡುತ್ತಿದ್ದ ಹಾಗೆಯೇ, ಎಳೆದುಕೊಂಡು ಕೂತರು.

"ಇಲ್ಲಿ ಪ್ಲಗ್ ಎಲ್ಲಿದೆಯಮ್ಮ?"

"ಏನು ಬೇಕಾಗಿತ್ತು ನಿಮಗೆ?"

"ಪ್ಲಗ್ಗು."

ಲೋರ್ನಾ ಗೋಡೆಯ ಕಡೆ ಕೈ ತೋರಿಸಿದಳು. ಅವರು ವೈರು ಚುಚ್ಚಿ, ಮೊದಲನೆಯ ಪ್ಲೇಯರಿಗೆ ಕರೆಂಟು ಕೊಟ್ಟು, ಗುಂಡಿ ಒತ್ತಿ ಕಾದರು. ಪ್ಲೇಯರು ನರಳಿತು, ಡಿಸ್ಕ್ ಇಡುವ ಟ್ರೇಯನ್ನು ನಾಲಗೆಯಂತೆ ಹೊರಚಾಚಿತು. ಖಾಲಿ. ಮುಚ್ಚಿ ಪಕ್ಕಕ್ಕಿಟ್ಟರು. ಮುಂದಿನದು. ಅದೂ ಖಾಲಿ. ಕಾಯಿಲೆ ಮಕ್ಕಳ ಬಾಯಿ ತೆರೆಸಿ ಗಂಟಲು ನೋಡುವ ಡಾಕ್ಟರ ಹಾಗೆ ಒಂದಾದ ಮೇಲೊಂದು ನೋಡುತ್ತಾ ಹೋದರು. ಕೊನೆಯದರ ಟ್ರೇಯಲ್ಲಿ ಒಂದು ಡಿಸ್ಕ್ ಇತ್ತು. ಅವರ ಮೈ ಒಮ್ಮೆ ಮುಂದಕ್ಕೆ ಬಾಗಿತು. ಆಮೇಲೆ ಹಿಂದಕ್ಕೆ ಒರಗಿತು.

"ಹೊಟ್ಟೆ ಕರಗಿಸೋ ವ್ಯಾಯಾಮ," ಎಂದು ಓದಿ ಅದನ್ನು ಲೋರ್ನಾಳ ಕೈಗಿತ್ತರು. "ಪಾಪ, ಇದನ್ನ ಬಿಟ್ಟೋರ ಹೊಟ್ಟೆ ಇನ್ನೂ ಹಾಗೇ ಇರ್ಬೇಕು. ನಿನ್ನ ಕಪಾಟಲ್ಲಿ ಇಟ್ಕೋ."

ಕುರ್ಚಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೊರಟುಹೋದರು. ಏನನ್ನೂ ಕೊಳ್ಳಲಿಲ್ಲ. ಲೋರ್ನಾ ಬಾಗಿಲಿಗೆ ಹೋಗಿ, ಅವರು ಇಳಿಜಾರು ದಾಟುವ ತನಕ ನೋಡಿದಳು. ಕಳ್ಳರಲ್ಲ ಅನ್ನುವುದು ಖಾತ್ರಿಯಾಯಿತು. ತಲೆ ನೆಟ್ಟಗಿದೆಯೇ ಅನ್ನುವುದು ಆಗಲಿಲ್ಲ.

ಮುಂದಿನ ವಾರ ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಆ ಸಲ ಲೋರ್ನಾ ಅವರಿಗಿಂತ ಮೊದಲೇ ಕುರ್ಚಿ ಹಾಕಿ, ಎದುರಿಗೆ ತಾನೂ ಒಂದು ಸ್ಟೂಲು ಎಳೆದುಕೊಂಡು ಕೂತಳು.

"ಈಗ ಹೇಳಿ. ಏನು ಹುಡುಕ್ತಿದ್ದೀರಿ?"

ಅವರ ಹೆಸರು ವರ್ನರ್ ಲೆಹ್ಟೊ. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತರಾದವರು. ಮದುವೆಯಾಗಿಲ್ಲ. ಊರಿನ ವಿಡಿಯೋ ಅಂಗಡಿ ಮುಚ್ಚಿದ ವರ್ಷ, ಯಾರೂ ಬಾಡಿಗೆಗೆ ಒಯ್ಯದೆ ಧೂಳು ಹಿಡಿದಿದ್ದ ಪರದೇಶದ ಸಿನಿಮಾಗಳ ರ‍್ಯಾಕನ್ನು ರ‍್ಯಾಕಿನ ಸಮೇತ ಲಾರಿಯಲ್ಲಿ ಹೇರಿಕೊಂಡು ಮನೆಗೆ ತಂದಿದ್ದರು. ಅವರಿಗೆ ಬೇಕಾಗಿದ್ದದ್ದು ರ‍್ಯಾಕು. ಗ್ಯಾರೇಜಿನಲ್ಲಿ ಪೇಂಟಿನ ಡಬ್ಬಗಳನ್ನಿಡಲು. ಆದರೆ ಆ ಚಳಿಗಾಲ ಉದ್ದವಾಗಿತ್ತು, ಹಿಮ ತಳ್ಳಿ ಬಂದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಟೇಪು ಹಾಕಿದರು. ಜಪಾನಿನ ಮುದುಕನೊಬ್ಬ ಕೂತು ಅಕ್ಕಿ ತೊಳೆಯುತ್ತಿದ್ದ. ಅವನು ತೊಳೆದು ಮುಗಿಸುವುದರೊಳಗೆ ವರ್ನರ್ ಸಿಕ್ಕಿಬಿದ್ದಿದ್ದರು. ಪೇಂಟಿನ ಡಬ್ಬಗಳು ಇವತ್ತಿಗೂ ನೆಲದ ಮೇಲೆಯೇ ಇವೆ.

"ನನ್ನ ಸೊಂಟದ ಆಪರೇಷನ್ ಆಯ್ತಲ್ಲ, ಆಗ ನನ್ನ ತಂಗಿ ಇರ್ಯಾ ಬಂದು ಮನೆ ಕ್ಲೀನ್ ಮಾಡಿದ್ಲು," ಎಂದರು ವರ್ನರ್. ಶತ್ರು ಸೈನ್ಯ ಬಂದು ಊರು ಸುಟ್ಟಿತು ಅನ್ನುವ ದನಿಯಲ್ಲಿ. "ನಿಂಗೆ ಇಷ್ಟೊಂದು ಪ್ಲೇಯರ್ ಯಾಕೆ ಅಂತ ಒಂದನ್ನ ಈ ಅಂಗಡಿಗೆ ಕೊಟ್ಬಿಟ್ಲು. ಅದರೊಳಗೆ ಡಿಸ್ಕ್ ಇತ್ತು."

"ಅಷ್ಟೇನಾ? ಇನ್ನೊಂದು ತರಿಸ್ಕೊಳ್ಳಿ."

ವರ್ನರ್ ಅವಳನ್ನು ಸುಮ್ಮನೆ ನೋಡಿದರು. ಇಗರ್ಜಿಯಲ್ಲಿ ಜೋರಾಗಿ ಸೀನಿದವರನ್ನು ನೋಡುವ ನೋಟ ಅದು.

ಇನ್ನೊಂದು ಸಿಗುವುದಿಲ್ಲ ಎಂಬುದು ನಿಧಾನವಾಗಿ ಹೊರಬಿತ್ತು. ಅವರ ಗೆಳೆಯ ಓನ್ನಿ ಕೆಸ್ತಿ, ಕ್ಷೌರಿಕ. ಫಿನ್‌ಲ್ಯಾಂಡಿನ ಕೆರೆದಂಡೆಯ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಲ್ಲಿಗೆ ಬಂದವರು. ಅವರ ಕುರ್ಚಿಯಲ್ಲಿ ತಲೆ ಬಗ್ಗಿಸಿದವರೆಲ್ಲ ಒಂದು ಕಥೆ ಕೇಳಲೇಬೇಕಿತ್ತು. ತಮ್ಮ ಹಳ್ಳಿಗೆ ಸಿನಿಮಾದವರು ಬಂದಿದ್ದರು, ಹುಲ್ಲಿನ ಗಾಡಿ ಹೊಡೆಯಲು ಧೈರ್ಯದ ಹುಡುಗ ಬೇಕೆಂದರು, ಕುದುರೆ ಲಗಾಮು ಹಿಡಿದು ಕ್ಯಾಮೆರಾ ಮುಂದೆ ಗಾಡಿ ಓಡಿಸಿದ್ದು ತಾನೇ ಎಂದು. ಊರಲ್ಲಿ ಒಬ್ಬರೂ ನಂಬಿರಲಿಲ್ಲ. ವರ್ನರ್ ಮಾತ್ರ ಆ ಸಿನಿಮಾದ ಜಾಡು ಹಿಡಿದು ಕೂತರು. ಫಿನ್‌ಲ್ಯಾಂಡಿನಲ್ಲಿ ಅದನ್ನು ಯಾರೋ ಕೆಲವೇ ಪ್ರತಿ ಮಾಡಿ ಡಿವಿಡಿಯಲ್ಲಿ ಹೊರತಂದು, ನಿಲ್ಲಿಸಿಬಿಟ್ಟಿದ್ದರು. ಹುಡುಕಿ ಹುಡುಕಿ ಒಂದು ತರಿಸಿಕೊಂಡರು. ಯುರೋಪಿನ ಡಿಸ್ಕ್ ಇಲ್ಲಿಯ ಸಾಧಾರಣ ಪ್ಲೇಯರಿನಲ್ಲಿ ಓಡುವುದಿಲ್ಲ. ಅದಕ್ಕೆಂದೇ ಎಲ್ಲ ದೇಶದ ಡಿಸ್ಕನ್ನೂ ಓಡಿಸುವ ಪ್ಲೇಯರು ಅವರಲ್ಲಿತ್ತು. ಆಪರೇಷನ್ನಿನ ಹಿಂದಿನ ದಿನ ಹಾಕಿ, ಶುರುವಿನ ಹೆಸರುಗಳು ಬರುವ ತನಕ ನೋಡಿ, ಸರಿಯಾಗಿದೆ ಎಂದು ಆರಿಸಿದ್ದರು. ಉಳಿದದ್ದನ್ನು ಓನ್ನಿಯ ಜೊತೆ ಕೂತೇ ನೋಡಬೇಕು ಎಂದು.

"ಓನ್ನಿಗೆ ಹೇಳಿದ್ದೀರಾ?"

"ಹೇಳಿದ್ರೆ ಅದೆಂಥ ಉಡುಗೊರೆ? ಅವನು ಈ ಊರು ಬಿಟ್ಟು ಮಗಳ ಹತ್ರ ಅರಿಜೋನಾಕ್ಕೆ ಹೋಗ್ತಾನೆ. ಮೊದಲ ಹಿಮ ಬೀಳೋದರೊಳಗೆ. ಅಷ್ಟರಲ್ಲಿ ತೋರಿಸ್ಬೇಕು. ಇಲ್ಲಾಂದ್ರೆ ಸಾಯೋ ತನಕ ಅವನು ಸುಳ್ಳುಗಾರನೇ."

ಪ್ಲೇಯರು ಯಾರು ಕೊಂಡರೆಂದು ಲೋರ್ನಾಗೆ ತಿಳಿಯುವ ಹಾಗಿರಲಿಲ್ಲ. ಅದು ಅವಳು ಸೇರುವ ಮೊದಲೇ ಮಾರಾಟವಾಗಿತ್ತು. ಅಂಗಡಿಯಲ್ಲಿ ಅವಳಿಗಿಂತ ಮೊದಲಿದ್ದಾಕೆಗೆ ನೆನಪಿರಲಿಲ್ಲ. ಕರೀ ಪ್ಲೇಯರುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ. ಕೊಂಡವರು ನಾಲ್ಕು ದಿನ ಇಟ್ಟುಕೊಂಡು ಮತ್ತೆ ತಂದು ಕೊಡುವುದೂ ಉಂಟು. ಆ ಒಂದು ಆಸೆಯ ಮೇಲೆ ವರ್ನರ್ ವಾರವಾರ ಬರುತ್ತಿದ್ದರು.

ಬೇಸಿಗೆ ಬರುವಷ್ಟರಲ್ಲಿ ಲೋರ್ನಾ ಭಾನುವಾರದ ಗುಂಪಿನಲ್ಲಿ ಸೇರಿಹೋಗಿದ್ದಳು. ಭಾನುವಾರ ವರ್ನರ್ ಮನೆಯ ಸೌನಾದಲ್ಲಿ ಗಂಡಸರ ಉಗಿಸ್ನಾನ, ಆಮೇಲೆ ನೆಲಮಾಳಿಗೆಯಲ್ಲಿ ಸಿನಿಮಾ, ಆಮೇಲೆ ಕಾಫಿ. ಸಿನಿಮಾ ನಡೆಯುವಾಗ ಮಾತಾಡಕೂಡದು, ನಿಲ್ಲಿಸಕೂಡದು, ಕೊನೆಯ ಹೆಸರು ಮರೆಯಾಗುವ ತನಕ ಏಳಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ: ಡಿಸ್ಕ್ ಮನೆಯ ಹೊಸಿಲು ದಾಟಕೂಡದು. ಪಾದ್ರಿಗಳೇ ಕೇಳಿದರೂ ಎರವಲಿಲ್ಲ.

ಗೋಡೆಯ ತುಂಬ ಕಪಾಟು, ದೇಶಾವಾರು. ಫಿನ್‌ಲ್ಯಾಂಡಿಗೂ ಸ್ವೀಡನ್ನಿಗೂ ಮಧ್ಯೆ ಜಪಾನ್ ಕೂತಿತ್ತು.

"ಭೂಗೋಳದಲ್ಲಿ ನೀವು ಫೇಲಾ?" ಎಂದು ಕೇಳಿದಳು ಲೋರ್ನಾ.

"ಅವೆರಡನ್ನ ಹಾಕಿ ಮ್ಯಾಚ್ ದಿನ ಪಕ್ಕಪಕ್ಕ ಇಟ್ರೆ ಜಗಳ ಆಗುತ್ತೆ."

ಒಂದೇ ಸಿನಿಮಾದ ಮೂರು ಪ್ರತಿಗಳಿದ್ದವು. ಏಕೆಂದು ಕೇಳಿದ್ದೇ ತಪ್ಪಾಯಿತು. "ಇದು ಮೊದಲನೇದು. ಇದರಲ್ಲಿ ಎಲ್ಲಿ ನೋಡಿದ್ರೂ ಗೀಚು, ಮಳೆ ಬಂದ ಹಾಗೆ. ಎರಡನೇದರಲ್ಲಿ ಗೀಚೆಲ್ಲಾ ಒರೆಸಿಬಿಟ್ರು. ಜೊತೆಗೆ ನಿಜವಾದ ಮಳೇನೂ ಒರೆಸಿಬಿಟ್ರು! ಕೊಡೆ ಹಿಡ್ಕೊಂಡು ಬಿಸಿಲಲ್ಲಿ ನಡೀತಾನೆ ಹೀರೋ. ಮೂರನೇದರಲ್ಲಿ ಮಳೆ ವಾಪಸ್ ಬಂತು."

"ಮಳೆ ಬೇಕು ಅಂತ ಮೂರು ಸಲ ಕೊಂಡ," ಎಂದರು ಸೋಫಾದ ಮೂಲೆಯಿಂದ ಓನ್ನಿ. ಗುಂಡಗೆ, ಗಿಡ್ಡಗೆ, ಕ್ಷೌರಿಕನಾದರೂ ತಲೆಯಲ್ಲಿ ಒಂದು ಕೂದಲಿಲ್ಲ. "ಹೊರಗೆ ಹೋಗಿ ನಿಂತಿದ್ರೆ ಬಿಟ್ಟಿ ಸಿಗ್ತಿತ್ತು. ಇವನ ಸಿನಿಮಾದಲ್ಲಿ ಒಬ್ಬ ಬಾಗಿಲು ತೆಗೆಯೋ ಹೊತ್ತಿಗೆ ನಾನು ಮೂರು ತಲೆ ಮುಗಿಸ್ತೀನಿ."

"ಬಾಯಿ ಮುಚ್ಚೋ. ನೀನೇನು ದೊಡ್ಡ ನಟ ಅಲ್ವಾ?"

ಅದಕ್ಕೆ ಓನ್ನಿ ಯಾವಾಗಲೂ ಗಾಡಿಯ ಕಥೆ ಎತ್ತಬೇಕಿತ್ತು. ಆದರೆ ಈಚೆಗೆ ಎತ್ತುತ್ತಿರಲಿಲ್ಲ. ಲೋರ್ನಾ ಕೊಟ್ಟ ಪ್ಯಾಸ್ಟಿಯನ್ನು, ಮಾಂಸ ತುಂಬಿ ಬೇಯಿಸಿದ ಆ ಕಡುಬನ್ನು, ಕಚ್ಚಿ, "ಇಂಗ್ಲಿಷ್ ಗಣಿ ಜನರ ಕೈರುಚಿ, ಮೆಣಸೇ ಇಲ್ಲ," ಎಂದು ಮಾತು ತಿರುಗಿಸುತ್ತಿದ್ದರು. "ಫಿನ್ನರು ನಮ್ಮಿಂದಲೇ ಕಲಿತು, ನಮಗೇ ಪಾಠ ಹೇಳ್ತೀರಾ?" ಎಂದು, ಆ ಗಣಿಯವರ ಮೊಮ್ಮಗಳಾದ ಲೋರ್ನಾ ತಟ್ಟೆ ಕಿತ್ತುಕೊಳ್ಳುತ್ತಿದ್ದಳು. ಕಪಾಟಿನಲ್ಲಿ, ಫಿನ್‌ಲ್ಯಾಂಡಿನ ಸಾಲಿನ ನಡುವೆ, ಹುಲ್ಲಿನ ಬಣವೆಯ ಚಿತ್ರವಿದ್ದ ಡಬ್ಬಿಯೊಂದನ್ನು ವರ್ನರ್ ಬೆನ್ನು ತಿರುಗಿಸಿ ಇಟ್ಟಿದ್ದರು, ಓನ್ನಿಯ ಕಣ್ಣಿಗೆ ಬೀಳದಿರಲಿ ಎಂದು. ಒಳಗೆ ಏನೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಓನ್ನಿ ಮನೆ ಖಾಲಿ ಮಾಡಲು ಹತ್ತಿದರು. ಬೇಡದ್ದನ್ನು ಅಂಗಡಿಗೆ ಕೊಡುವುದಾಗಿ ಹೇಳಿ ಕಳಿಸಿದರು. ಲೋರ್ನಾ ಅಂಗಡಿಯ ವ್ಯಾನು ತಂದು, ದೀಪ, ಮೇಜು, ಬುಟ್ಟಿ ಎಲ್ಲ ಹೇರಿದಳು. ಟಿವಿಯ ಕೆಳಗೊಂದು ಕರೀ ಪ್ಲೇಯರಿತ್ತು.

"ಅದೊಂದು ಬಿಟ್ಟು ಬಾಕಿ ಎಲ್ಲಾ ತಗೊಂಡು ಹೋಗಮ್ಮ," ಎಂದು ಓನ್ನಿ ಕಾಫಿ ತರಲು ಅಡುಗೆಮನೆಗೆ ಹೋದರು.

ಲೋರ್ನಾ ಬೇಕೆಂದು ಮಾಡಿದ್ದಲ್ಲ. ಅಷ್ಟು ತಿಂಗಳು ವರ್ನರ್ ಪಕ್ಕ ಕೂತು ಅವಳ ಬೆರಳಿಗೂ ಚಟ ಹತ್ತಿತ್ತು. ಗುಂಡಿ ಒತ್ತಿದಳು. ಟ್ರೇ ಹೊರಬಂತು. ಡಿಸ್ಕಿನ ಮೇಲೆ ಹುಲ್ಲಿನ ಬಣವೆ.

ಓನ್ನಿ ಎರಡು ಲೋಟ ಹಿಡಿದು ಬಾಗಿಲಲ್ಲೇ ನಿಂತರು.

"ಇದು ಯಾರದ್ದು ಅಂತ ನಿಮಗೆ ಗೊತ್ತಾ?" ಎಂದಳು ಲೋರ್ನಾ.

"ಗೊತ್ತಿಲ್ದೆ ಏನು? ನಿಮ್ಮ ಅಂಗಡೀಲಿ ಪ್ಲೇಯರ್ ಕೊಂಡು ಮನೆಗೆ ತಂದು ನೋಡಿದ್ರೆ ಒಳಗೆ ಇದಿತ್ತು. ಇಂಥದ್ದನ್ನ ತರಿಸೋ ಹುಚ್ಚ ಈ ಜಿಲ್ಲೇಲಿ ಇನ್ನೊಬ್ಬ ಇದ್ದಾನಾ?"

"ಮತ್ತೆ ಕೊಡೋಕೇನು? ನಿಮಗೆ ತೋರಿಸ್ಬೇಕು ಅಂತಲೇ ಆ ಮನುಷ್ಯ ಸೊಂಟ ನೋವು ಇಟ್ಕೊಂಡು ವಾರವಾರ ಅಂಗಡಿಗೆ ಬರ್ತಾರೆ!"

ಓನ್ನಿ ಲೋಟಗಳನ್ನು ಕಿಟಕಿ ಹಲಗೆಯ ಮೇಲಿಟ್ಟು, ಕೂತು, ಸಿನಿಮಾ ಹಾಕಿ ಮುಂದಕ್ಕೆ ಓಡಿಸಿದರು. ಎಲ್ಲಿ ನಿಲ್ಲಿಸಬೇಕೆಂದು ಅವರ ಕೈಗೆ ಗೊತ್ತಿತ್ತು. ಕಪ್ಪುಬಿಳುಪಿನ ಬಯಲು, ಕುಯ್ದ ಹುಲ್ಲು, ಕುದುರೆ ಗಾಡಿ. ಗಾಡಿ ಹೊಡೆಯುತ್ತಿದ್ದವನು ಗಡ್ಡದ ಗಂಡಸು. ಆಗ ಪಕ್ಕದಿಂದ ಒಬ್ಬ ಪುಟ್ಟ ಹುಡುಗ ನುಗ್ಗಿದ. ಮೈಮೇಲೆ ಅಂಗಿ ಮಾತ್ರ, ಚಡ್ಡಿ ಇಲ್ಲ. ಕ್ಯಾಮೆರಾ ಕಡೆ ಬಾಯಿಬಿಟ್ಟು ನಿಂತ. ಹಿಂದೆಯೇ ಒಬ್ಬಾಕೆ ಓಡಿಬಂದು, ಅವನ ಕಿವಿ ಹಿಡಿದು ಎಳೆದುಕೊಂಡು ಹೊರಟಳು. ಹೋಗುವಾಗ ಒಮ್ಮೆ ತಿರುಗಿ ನೋಡಿ, ನಾಚಿ, ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಲೋರ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಾಡಿ ಹೊಡೆದೆ ಅಂದ್ರಿ?"

"ಗಾಡಿ ಪಕ್ಕದಲ್ಲೇ ಇದ್ದೀನಲ್ಲ," ಎಂದರು ಓನ್ನಿ. ಬೋಳುತಲೆಯ ತನಕ ಕೆಂಪಾಗಿತ್ತು. "ನಾನು ಗಾಡಿ ಹೊಡೆದೆ ಅಂತಲೇ ನಂಗೂ ನೆನಪು. ಆಣೆಗೂ. ಇದನ್ನ ಆ ಭಾನುವಾರದ ಮಂದಿ ಮುಂದೆ ತೋರಿಸಿದ್ರೆ ಅರಿಜೋನಾದಲ್ಲೂ ನಂಗೆ ಉಳಿಗಾಲ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಅವಳು ನಮ್ಮಮ್ಮ. ಫೋಟೋ ಒಂದಿದೆ, ಅದರಲ್ಲಿ ಮುಖ ಗಂಟು ಹಾಕಿದ್ದಾಳೆ. ನಕ್ಕಿದ್ದು ಇದೊಂದೇ. ವರ್ನರ್‌ಗೆ ಕೊಟ್ರೆ ಏನಾಗುತ್ತೆ ಹೇಳು? ಒಂದು ಭಾನುವಾರ ತೋರಿಸ್ತಾನೆ, ಕಪಾಟಿಗೆ ಸೇರಿಸ್ತಾನೆ. ಅವನ ಹೊಸಿಲು ದಾಟಿ ಒಂದು ಡಿಸ್ಕ್ ಯಾವತ್ತಾದ್ರೂ ಬಂದಿದ್ಯಾ?"

ಲೋರ್ನಾಗೆ ನಗು ನಿಂತಿತು. ಆಕೆ ಕಾಫಿಯನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟಳು.

"ಭಾನುವಾರ ನೀವೇ ತಗೊಂಡು ಬನ್ನಿ," ಎಂದಳು. "ಕದ್ದು ಇಟ್ಕೊಂಡ ಅಮ್ಮನ್ನ ಎಷ್ಟು ದಿನ ನೋಡ್ತೀರಿ?"

ಭಾನುವಾರ ಓನ್ನಿ ಸೌನಾಕ್ಕೆ ಟವೆಲಿನ ಬದಲು ಪ್ಲೇಯರನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ವರ್ನರ್ ನೋಡಿದರು. ಏನೂ ಕೇಳದೆ ನೆಲಮಾಳಿಗೆಗೆ ಇಳಿದು, ಪ್ಲಗ್ ಹಾಕಿ, ಟ್ರೇ ತೆಗೆಸಿದರು. ಡಿಸ್ಕನ್ನು ಅಂಚಿನಲ್ಲಿ ಹಿಡಿದು ಎತ್ತಿ, ದೀಪಕ್ಕೆ ಓರೆಯಾಗಿ ಹಿಡಿದರು.

"ಬೆರಳಚ್ಚು," ಎಂದರು ವರ್ನರ್. "ಜಾಮು ಮೆತ್ತಿದ ಬೆರಳಚ್ಚು."

"ಬೆಳಗಿನ ತಿಂಡಿ ಹೊತ್ತಲ್ಲಿ ನೋಡ್ತಿದ್ದೆ," ಎಂದರು ಓನ್ನಿ.

"ಯಾವಾಗಿಂದ?"

"ಮಾರ್ಚಿಂದ."

"ನಾನು ಊರಲ್ಲಿರೋ ಪ್ಲೇಯರೆಲ್ಲ ಬಾಯಿ ಬಿಡಿಸಿ ನೋಡ್ತಿದ್ದೆ, ಮುದುಕಾ! ನಿನ್ನದೊಂದು ಬಿಟ್ಟು!"

"ನನ್ನ ಬಾಯಿ ಬಿಡಿಸೋಕೆ ಪ್ಲಗ್ ಬೇಕಿರ್ಲಿಲ್ಲ, ಕೇಳಿದ್ರೆ ಸಾಕಾಗಿತ್ತು."

ವರ್ನರ್ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಡಿಸ್ಕ್ ಹಾಕಿ, ದೀಪ ಆರಿಸಿದರು. ಹುಡುಗ ನುಗ್ಗಿದಾಗ ಗುಂಪಿನವರೆಲ್ಲ ಘೊಳ್ಳೆಂದರು. ಹೆಂಗಸು ತಿರುಗಿ ನಕ್ಕಳು, ಹೋದಳು. ಆಗ ಆ ನೆಲಮಾಳಿಗೆಯಲ್ಲಿ ಎಂದೂ ಆಗದ್ದು ಆಯಿತು. ವರ್ನರ್ ಸಿನಿಮಾ ನಿಲ್ಲಿಸಿದರು. ಹಿಂದಕ್ಕೆ ಓಡಿಸಿದರು. ಅವಳು ಮತ್ತೆ ಬಂದಳು, ಮತ್ತೆ ನಕ್ಕಳು.

"ಅಮ್ಮನಾ?"

"ಹ್ಞೂಂ."

"ನಿನಗಿಂತ ಚೆನ್ನಾಗಿ ನಟಿಸಿದ್ದಾಳೆ."

ಕೊನೆಯ ಹೆಸರು ಮರೆಯಾದ ಮೇಲೆ ವರ್ನರ್ ಎದ್ದು ಕಪಾಟಿಗೆ ಹೋಗಿ, ಬೆನ್ನು ತಿರುಗಿಸಿಟ್ಟಿದ್ದ ಡಬ್ಬಿ ತೆಗೆದು, ಡಿಸ್ಕನ್ನು ಟಕ್ಕೆಂದು ಅದರೊಳಗೆ ಕೂರಿಸಿದರು. ಓನ್ನಿ ಮುಖ ಬೇರೆ ಕಡೆ ತಿರುಗಿಸಿದರು. ಡಬ್ಬಿ ಬಂದು ಅವರ ತೊಡೆಯ ಮೇಲೆ ಬಿತ್ತು.

"ತಗೊಂಡು ಹೋಗು. ಡಬ್ಬಿ ಇಲ್ದೆ ಡಿಸ್ಕ್ ಕೊಡೋದು ಅಂದ್ರೆ ಚಡ್ಡಿ ಇಲ್ದೆ ಕಳಿಸಿದ ಹಾಗೆ. ಒಂದ್ಸಲ ಆಗಿದೆ, ಸಾಕು."

ಓನ್ನಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಪ್ಲೇಯರೂ ಒಯ್ಯಿ," ಎಂದರು ವರ್ನರ್ ಸಿಡುಕಿನಲ್ಲಿ. "ಅರಿಜೋನಾದ ಪ್ಲೇಯರಲ್ಲಿ ನಿಮ್ಮಮ್ಮ ಓಡಲ್ಲ."

ಓನ್ನಿ ಮೊದಲ ಹಿಮಕ್ಕೆ ಮುಂಚೆ ಹೊರಟರು. ಹೊರಡುವ ಮುನ್ನ ಊರಿನ ಉಳಿದ ತಲೆಗಳಿಗೆಲ್ಲ ಕ್ಷೌರ ಮಾಡಿ, ಎಲ್ಲರಿಗೂ ನಿಜವಾದ ಕಥೆ ಹೇಳಿದರು. ಈ ಸಲವೂ ಹೆಚ್ಚಿನವರು ನಂಬಲಿಲ್ಲ. ಹಳೆಯದೇ ಚೆನ್ನಾಗಿತ್ತು ಎಂದರು.

ವರ್ನರ್ ಈಗ ವಾರಕ್ಕೊಂದು ದಿನ ಲೋರ್ನಾಳ ಅಂಗಡಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಾರೆ. ಬಂದ ಪ್ಲೇಯರುಗಳ ಟ್ರೇ ತೆಗೆದು ನೋಡಿ, ಒಳಗೆ ಸಿಕ್ಕ ಡಿಸ್ಕನ್ನು ಕೊಟ್ಟವರಿಗೆ ಫೋನು ಮಾಡಿ ಹಿಂತಿರುಗಿಸುತ್ತಾರೆ. ಭಾನುವಾರ ಸಿನಿಮಾ ತೋರಿಸುತ್ತಾರೆ. ಕೇಳಿದವರಿಗೆ ಡಿಸ್ಕ್ ಎರವಲು ಕೊಡುತ್ತಾರೆ, ಕಾಗದದ ಲಕೋಟೆಯಲ್ಲಿ. ಡಬ್ಬಿ ಮಾತ್ರ ಕಪಾಟಿನಲ್ಲೇ ಇರುತ್ತದೆ, ಡಿಸ್ಕ್ ಮರಳಿ ಬರುವುದನ್ನು ಕಾಯುತ್ತಾ.