ಹುಣಸೆಹಣ್ಣಿನಲ್ಲಿ ತೊಳೆದ ಕೈ

ಇವತ್ತು ಬೆಳಿಗ್ಗೆ ಮಗಳು ಅಂಗಡಿಯಿಂದ ಬಂದವಳೇ ಒಂದು ಪೊಟ್ಟಣ ಹುಣಸೆಹಣ್ಣನ್ನು ನನ್ನ ಕೈಗಿಟ್ಟಳು. "ಅಮ್ಮಾ, ಪುಳಿ ಇಲ್ಲ ಅಂದಿಯಲ್ಲ, ಇಂದಾ." ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು, ಅವಳ ಬಾಯಲ್ಲಿ ಹುಳಿ ಯಾವತ್ತೂ ಪುಳಿಯೇ, 'ತಗೋ' ಯಾವತ್ತೂ 'ಇಂದಾ'. ಪೊಟ್ಟಣ ಬಿಚ್ಚುತ್ತಲೇ ಹೊಸ ಹುಣಸೆಯ ವಾಸನೆ ಮೂಗಿಗೆ ಬಡಿಯಿತು... ಅದರ ಹಿಂದೆಯೇ ಮೈಲಾಪೂರಿನ ಬಾವಿಕಟ್ಟೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ಅತ್ತೆ. ಅವರು ಹೋಗಿ ಎಷ್ಟೋ ವರ್ಷವಾಯಿತು. ನೆನಪಾದರೆ ನನಗೆ ಈಗಲೂ ಸಿಟ್ಟೇ ಮೊದಲು ಬರುವುದು.

ಐವತ್ತರ ದಶಕದ ಮೊದಲ ವರ್ಷಗಳು. ಒಂದೇ ಬಾವಿಯ ಸುತ್ತ ಐದಾರು ಬಾಡಿಗೆ ಮನೆಗಳಿದ್ದ ವಠಾರ ನಮ್ಮದು. ಅತ್ತೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಉಡುಪಿ ಕಡೆಯವರು, ನಾವು ತಲೆಮಾರುಗಳಿಂದ ಮದ್ರಾಸಿನವರು. ಆಗ ಅವರು ನನಗೆ ಬರೀ ಬಾಯಿಮಾತಿನ ಅತ್ತೆ. ತಾಯಿಯಿಲ್ಲದ ನನಗೆ ಜಡೆ ಹೆಣೆದವರು ಅವರು, ಸೀರೆಯ ನೆರಿಗೆ ಹಿಡಿಯಲು ಕಲಿಸಿದವರು ಅವರು. ಹಪ್ಪಳ ಸುಟ್ಟರೆ ಮೊದಲನೆಯದು ಕಿಟಕಿಯಿಂದ ನನ್ನ ಕೈಗೇ ಬರುತ್ತಿತ್ತು.

ಅವರ ಗಂಡ, ಅಂದರೆ ಮಾವ, ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಸಂಜೆ ಬಂದವರು ನೇರವಾಗಿ ಹೊಸ್ತಿಲು ದಾಟುವಂತಿರಲಿಲ್ಲ. ಅತ್ತೆ ಅವರನ್ನು ಬಾವಿಕಟ್ಟೆಯಲ್ಲಿ ಕೂರಿಸಿ, ಸೀಸದ ಮೊಳೆ ಹಿಡಿದು ಕಪ್ಪಾದ ಬೆರಳುಗಳನ್ನು ಹುಣಸೆಹಣ್ಣಿನಿಂದ ಒಂದೊಂದಾಗಿ ತಿಕ್ಕುತ್ತಿದ್ದರು, ಹಿತ್ತಾಳೆ ದೀಪ ಬೆಳಗಿದ ಹಾಗೆ. "ಸೀಸ ಮೈಗೆ ಇಳೀತದೆ ಮಾರಾಯ್ರೆ, ಆಮೇಲೆ ತಲೆಗೆ ಏರ್ತದೆ" ಎನ್ನುವರು. ಮಾವ ನಗುತ್ತ ಕೈ ಚಾಚುತ್ತಿದ್ದರು.

ಅಷ್ಟು ತಿಕ್ಕಿದರೂ ಐವತ್ತು ತುಂಬುವ ಮೊದಲೇ ಮಾವನಿಗೆ ಮರೆವು ಹತ್ತಿತು. ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎಂಬುದು ಮರೆಯಿತು. ಆಮೇಲೆ ಅಚ್ಚುಕೂಟದ ದಾರಿ, ಆಮೇಲೆ ಉಂಡದ್ದು... ಸೀಸ ಮೆದುಳಿಗೆ ವಿಷ ಎಂದು ಡಾಕ್ಟರೂ ಹೇಳಿದರು. ಮೊಳೆಯೇ ಮನುಷ್ಯನನ್ನು ತಿಂದಿತು ಎಂದು ವಠಾರವೆಲ್ಲ ಮರುಗಿತು. ಎರಡು ವರ್ಷದಲ್ಲಿ ಅವರು ಹೋದರು.

ಅವರಿಗಿದ್ದವರು ಒಬ್ಬರೇ ಮಗ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಪ್ಪನ ಕಸುಬಿನ ನೆರಳೂ ಬೀಳಬಾರದೆಂದು ಅತ್ತೆ ಹಟ ಹಿಡಿದು ಓದಿಸಿ ಬ್ಯಾಂಕಿಗೆ ಸೇರಿಸಿದ್ದರು. ಮಾವನ ವರ್ಷಾಂತಿಕ ಕಳೆದ ಮೇಲೆ ಅತ್ತೆಯೇ ಬಂದು ಮಗನಿಗೆ ನನ್ನನ್ನು ಕೇಳಿದರು. ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಯಾರನ್ನಾದರೂ ಕಳಿಸಿ ಮನೆತನ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ನಮ್ಮಪ್ಪ ವಿಚಾರಿಸಲಿಲ್ಲ. "ಇಷ್ಟು ವರ್ಷದಿಂದ ಒಂದೇ ಗೋಡೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮಾ?" ಎಂದುಬಿಟ್ಟರು. ನನಗಂತೂ ಕುಣಿಯುವಷ್ಟು ಸಂತೋಷ. ಗಂಡ ಹೇಗಾದರೂ ಇರಲಿ, ಅತ್ತೆ ಸಿಗುತ್ತಾರಲ್ಲ!

ಗಂಡನೂ ಒಳ್ಳೆಯವರೇ. ನಕ್ಕು ನಗಿಸುವ ಮನುಷ್ಯ. ಅತ್ತೆಯ ಒಂದು ಕಟ್ಟಳೆ ಮಾತ್ರ ನಮಗೆ ದಿನವೂ ತಮಾಷೆ: ಬೆಳಗಿನ ಪೇಪರನ್ನು ಅರ್ಧ ಗಂಟೆ ಬಿಸಿಲಿಗೆ ಹರಡದೆ ಮಗನ ಕೈಗೆ ಕೊಡುವಂತಿಲ್ಲ. ಅಚ್ಚಿನ ವಿಷ ಆರಬೇಕಂತೆ. "ನಮ್ಮಮ್ಮ ಸುದ್ದಿಗೂ ಹಪ್ಪಳಕ್ಕೂ ಒಂದೇ ಬಿಸಿಲು ಕಾಣಿಸುತ್ತಾಳೆ" ಎಂದು ಇವರು ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಮಗಳು ಹುಟ್ಟಿದಳು. ಅತ್ತೆ ಅವಳನ್ನು ನೆಲಕ್ಕೆ ಬಿಡಲಿಲ್ಲ.

ಇವರಿಗೆ ನಲವತ್ತು ದಾಟಿತ್ತು. ಒಂದು ಭಾನುವಾರ ಷರ್ಟು ತೊಟ್ಟು ಬ್ಯಾಂಕಿಗೆ ಹೊರಟರು. ಎಲ್ಲರೂ ನಕ್ಕೆವು. ಆಮೇಲೆ ಬಸ್ಸು ತಪ್ಪುವುದು, ಕೊಟ್ಟ ಕೆಲಸ ಬಿಟ್ಟುಹೋಗುವುದು, ಬ್ಯಾಂಕಿನವರು ಮನೆಯವರೆಗೆ ತಂದು ಬಿಡುವುದು... ಒಂದು ಸಂಜೆ ಬಡಿಸುತ್ತಿದ್ದ ನನ್ನನ್ನು ನೋಡಿ, "ನೀನು ಪಕ್ಕದ ಮನೆ ಹುಡುಗಿಯಲ್ವಾ? ಹೊತ್ತಾಯ್ತು, ನಿಮ್ಮಪ್ಪ ಕಾಯ್ತಾರೆ, ಹೋಗು" ಎಂದರು.

ಮರುದಿನ ಸಂಜೆ ಹೊರಗೆ ಬಂದರೆ ಅತ್ತೆ ಮಗನನ್ನು ಬಾವಿಕಟ್ಟೆಯಲ್ಲಿ ಕೂರಿಸಿದ್ದರು. ಜನ್ಮದಲ್ಲಿ ಒಂದು ಮೊಳೆ ಮುಟ್ಟದ, ಹಾಲಿನಂಥ ಬೆರಳುಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದರು. ತಿಕ್ಕುತ್ತಲೇ ಇದ್ದರು, ಚರ್ಮ ಕೆಂಪಾಗುವಷ್ಟು. ಇವರು ಅವರಪ್ಪನ ಹಾಗೆಯೇ ನಗುತ್ತ ಕೈ ಚಾಚಿದ್ದರು.

"ಅತ್ತೆ, ಇವರ ಕೈಯಲ್ಲಿ ಸೀಸ ಎಲ್ಲಿದೆ?" ಎಂದೆ. ಅವರು ಇನ್ನೊಂದು ಬೆರಳು ಹಿಡಿದು ತಿಕ್ಕತೊಡಗಿದರು.

ಮಾವನ ಊರಿನ ವಯಸ್ಸಾದ ಅಡಿಗೆ ಭಟ್ಟರೊಬ್ಬರು ಹತ್ತಿರದ ಹೋಟೆಲಿನಲ್ಲಿದ್ದರು. ನನ್ನ ಮುಖ ನೋಡಲಾರದೆ ಅಪ್ಪ ಅವರ ಹತ್ತಿರ ಹೋದರು. ಆಗ ಮಾಡದ ವಿಚಾರಣೆಯನ್ನು ಈಗ ಮಾಡಿದರು. "ಆ ಮನೆಗಾ ಹೆಣ್ಣು ಕೊಟ್ಟದ್ದು? ಊರಲ್ಲಿ ಒಂದು ಮಾತು ಕೇಳ್ಬಾರ್ದಿತ್ತಾ ರಾಯರೆ? ಅದು ಮರೆವಿನ ಮನೆ ಅಂತ ಮಕ್ಕಳಿಗೂ ಗೊತ್ತುಂಟು" ಎಂದರಂತೆ ಭಟ್ಟರು. ಮಾವನ ಅಪ್ಪ, ದೊಡ್ಡಪ್ಪ, ಎಲ್ಲರೂ ನಡುವಯಸ್ಸಿನಲ್ಲೇ ಮರೆತು ಮರೆತು ಸತ್ತವರು. ಅವರಾರೂ ಅಚ್ಚುಕೂಟ ಕಂಡವರಲ್ಲ.

"ನಿಮಗೆ ಗೊತ್ತಿತ್ತಾ?" ಎಂದು ಅತ್ತೆಯನ್ನು ಕೇಳಿದೆ. ಇಲ್ಲ ಅನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಗೊತ್ತಿತ್ತು" ಎಂದರು ಅತ್ತೆ. "ನನ್ನನ್ನು ಕೊಡುವಾಗ ನನಗೆ ಯಾರು ಹೇಳಿದ್ದಾರೆ? ಇವನ ಅಪ್ಪನಿಗೆ ಸೀಸದಿಂದ ಅಂತ ಡಾಕ್ಟ್ರೇ ಹೇಳಿದ್ರಲ್ವಾ. ಹಾಗಾದ್ರೆ ಸೀಸ ದೂರ ಇಟ್ರೆ ಮಗ ಉಳೀತಾನೆ ಅಂತ ಗ್ರಹಿಸಿದೆ. ನನ್ನ ಕೈಲಾದ್ದೆಲ್ಲ ಮಾಡಿದೆ ಮಗಾ." ಮತ್ತೆ ಅಂದರು: "ನಿಜ ಹೇಳಿದ್ರೆ ನೀನು ನನಗೆ ಸಿಗ್ತಿದ್ಯಾ?"

ನಂಬಿಸಿ ಕತ್ತು ಕೊಯ್ದರು. ಬೇರೆ ಯಾರಾದರೂ ಮಾಡಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು. ಜಡೆ ಹೆಣೆದ ಕೈಯೇ ಮಾಡಿತು. ಜಡೆ ಹೆಣೆದದ್ದೂ ಸುಳ್ಳಲ್ಲ. ಅದನ್ನು ನನ್ನಿಂದ ನುಂಗಲಾಗಲಿಲ್ಲ. ಇವರು ಹೋಗುವವರೆಗೆ ನಾವಿಬ್ಬರೂ ಒಂದೇ ಮನೆಯಲ್ಲಿ ಇವರಿಗೆ ಉಣ್ಣಿಸಿದೆವು, ಉಡಿಸಿದೆವು. ಅತ್ತೆಯ ಜೊತೆ ಬೇಕಾದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ. ಮಗನ ಹಿಂದೆಯೇ ಅವರೂ ಹೋದರು.

ಮುಂದೆ ಒಬ್ಬ ಡಾಕ್ಟರ್ ನನಗೆ ಬಿಡಿಸಿ ಹೇಳಿದರು. ಮರೆವಿನ ಬೀಜ ಮನೆತನದ್ದೇ ಇರಬೇಕು. ಮಾವನಿಗೆ ಸೀಸವೂ ಸೇರಿ ಕೇಡು ಹೆಚ್ಚಿರಬಹುದು. ಯಾವುದರ ಪಾಲು ಎಷ್ಟು ಎಂದು ಈಗ ಯಾರೂ ಹೇಳಲಾರರು. ಅತ್ತೆ ಅರ್ಧ ಸತ್ಯವನ್ನು ಹಿಡಿದುಕೊಂಡು ನನ್ನ ಇಡೀ ಬಾಳನ್ನು ಅದರ ಮೇಲೆ ಇಟ್ಟಿದ್ದರು.

ನಾನು ಹಾಗೆ ಮಾಡಲಿಲ್ಲ. ಮಗಳನ್ನು ನೋಡಲು ಬಂದವರಿಗೆಲ್ಲ ನಾನೇ ಬಾಯಿಬಿಟ್ಟು ಹೇಳಿದೆ. ಅವರು ಕಾಫಿ ಕುಡಿದು ಎದ್ದುಹೋದರು. "ಪಾಟಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ನಿನಗೆ ಮದುವೆಯಾದರೂ ಆಯ್ತು" ಎಂದು ಮಗಳು ಒಮ್ಮೆ ಅಜ್ಜಿಯ ಮಾತು ಬಂದಾಗ ಅಂದಳು. ಈಗ ಬೆಸೆಂಟ್ ನಗರದ ಈ ಮನೆಯಲ್ಲಿ ನಾವಿಬ್ಬರೇ. ಅವಳಿಗೂ ನಲವತ್ತು ದಾಟಿದೆ. ಆ ಬೀಜ ಅವಳಲ್ಲೂ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿ ತಿಳಿಯಬಹುದಂತೆ. ಅವಳಿಗೆ ಬೇಡವಂತೆ.

ಇಷ್ಟು ಬರೆಯುವ ಹೊತ್ತಿಗೆ ಸಂಜೆಯಾಯಿತು. ಬೆಳಗಿನ ಹುಳಿ ಹಿಂಡಿದ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಬೀಚಿನ ಕಡೆ ಹೋಗಿದ್ದ ಮಗಳು ಬಂದು ಚಪ್ಪಲಿ ಬಿಟ್ಟು, ಒಂದು ಪೊಟ್ಟಣವನ್ನು ನನ್ನ ಕೈಗಿಟ್ಟಳು.

"ಅಮ್ಮಾ, ಪುಳಿ ಇಲ್ಲ ಅಂದಿಯಲ್ಲ, ಇಂದಾ."

ಅವಳ ಮುಖ ನೋಡಿದೆ. ತಮಾಷೆಯೇನೂ ಇರಲಿಲ್ಲ.

"ಹೌದು, ಒಂದು ಚೂರೂ ಇರಲಿಲ್ಲ ನೋಡು" ಎಂದೆ. ಬೆಳಗಿನ ಪೊಟ್ಟಣವನ್ನು ಅವಳಿಗೆ ಕಾಣದ ಹಾಗೆ ಡಬ್ಬದ ಹಿಂದೆ ಸರಿಸಿದೆ. ಅತ್ತೆ ಇದ್ದಿದ್ದರೆ ಅವರೊಬ್ಬರ ಹತ್ತಿರ ಇದನ್ನು ಹೇಳಿಕೊಂಡು ಅಳಬಹುದಿತ್ತು.