ರಾಗಿ ಗುಡಾಣದಲ್ಲಿ ಕ್ಲಾರಿನೆಟ್

ಮರ ಸೀಳಬಹುದಿತ್ತು. ಲೋಹದ ಕೀಗಳು ಬಗ್ಗಬಹುದಿತ್ತು. ಇಲಿ ಕಡಿಯಬಹುದಿತ್ತು. ಆಚಾರಿಯ ಸುತ್ತಿಗೆ ಗುರಿ ತಪ್ಪಬಹುದಿತ್ತು. ಮದುವೆ ಚಪ್ಪರದಲ್ಲಿ, ಮಾವನವರ ಎದುರಿಗೇ, ನನ್ನ ವಾದ್ಯ ಬಾಯಿ ಬಿಡದೆ ಕೂರಬಹುದಿತ್ತು. ಇಷ್ಟನ್ನೂ ಎಷ್ಟೋ ವರ್ಷಗಳ ಹಿಂದೆ, ಎರಡೇ ದಿನದಲ್ಲಿ ಯೋಚಿಸಿ ಮುಗಿಸಿದ್ದೆ. ಈ ಬೆಳಗ್ಗೆ ಗುಡಾಣದ ಮುಚ್ಚಳ ತೆಗೆದಾಗ ರಾಗಿಯ ಒಣ ವಾಸನೆ ಮೂಗಿಗೆ ಬಡಿದು, ಆ ಭಯಗಳೆಲ್ಲ ಹಳೇ ನೆಂಟರ ಹಾಗೆ ಸಾಲಾಗಿ ಬಂದು ನಿಂತವು.

ಆಗ ಎರಡನೇ ಮಹಾಯುದ್ಧದ ಕಾಲ; ಪರದೇಶದ ಸಾಮಾನು ಬರುವುದು ನಿಂತಿತ್ತು. ದೇವನಹಳ್ಳಿಯ ಶಾಲೆಯಲ್ಲಿ ನಾನು ಹೊಸ ಮೇಷ್ಟ್ರು. ಎರವಲು ವಾದ್ಯದಲ್ಲಿ ಕಲಿತವನು, ಬೆಂಗಳೂರಿನ ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಮರದ ಕ್ಲಾರಿನೆಟ್ಟನ್ನು ತಂದಿದ್ದೆ. ಅದು ಕೆಟ್ಟರೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಬೂದಿಗೆರೆಯಲ್ಲಿ ನಾದಿನಿಯ ಮದುವೆ. “ಪೀಪಿ ಊದೋನಿಗೆ ಮಗಳನ್ನ ಕೊಟ್ಬಿಟ್ನಲ್ಲಾ” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾವನವರ ಮುಂದೆ ಆರತಕ್ಷತೆಗೆ ನುಡಿಸಬೇಕಿತ್ತು.

ಅಂಗಡಿಯವನು ತೋರಿಸಲೆಂದು ಒಮ್ಮೆ ಊದಿದ್ದ. ಎಂಜಲಲ್ಲವೆ? ಬಾವಿಕಟ್ಟೆಯ ಮೇಲೆ ಕೂತು, ಬಾಯಿಂದ ಬುಡದವರೆಗೆ ಎರಡು ಕೊಡ ನೀರು ಹೊಯ್ದು ಮಡಿ ಮಾಡಿದೆ. ಆಮೇಲೆ ಜೋಡಿಸಹೋದರೆ ನಡುವಿನ ಸಂದು ಅರ್ಧಕ್ಕೇ ಸೊಟ್ಟಗೆ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಊದಿದರೆ ಬರೀ ಗಾಳಿ.

“ಯಾರಾದ್ರೂ ವಾದ್ಯಕ್ಕೆ ಸ್ನಾನ ಮಾಡಿಸ್ತಾರೇನ್ರೀ?” ಎಂದಳು ಹೆಂಡತಿ.

ಕುಂದಾಣದ ನಂಜುಂಡಾಚಾರ್ರ ಬಳಿಗೆ ಓಡಿದೆ. ಅವರು ಗಾಡಿ ಚಕ್ರ ಮಾಡುವವರು; ಬೇಸಿಗೆಯಲ್ಲಿ ಸಡಿಲಾದ ಚಕ್ರಗಳನ್ನು ಕೆರೆಯಲ್ಲಿ ಮುಳುಗಿಸಿ ಬಿಗಿ ಮಾಡುತ್ತಿದ್ದರು. ಕ್ಲಾರಿನೆಟ್ಟನ್ನು ಕಂಡದ್ದು ಅಂದೇ ಮೊದಲು. ಸಂದನ್ನು ಮೂಸಿ ನೋಡಿದರು.

“ಮೇಷ್ಟ್ರೇ, ಇದು ನೀರು ಕುಡ್ದೈತೆ. ಈಗ ಎಳೆದ್ರೆ ಸೀಳ್ತೈತೆ.”

“ಬಿಸಿಲಿಗೆ ಇಡ್ಲಾ ಆಚಾರ್ರೇ?”

“ಒಡೆದೇ ಹೋಯ್ತದೆ! ರಾಗಿ ಒಳಗೆ ಹೂತಿಡಿ, ನಿಧಾನಕ್ಕೆ ತೇವ ಹೀರ್ಕೊಳ್ತೈತೆ. ಕೈ ಮಾತ್ರ ಹಾಕ್ಬೇಡಿ.”

“ಆರತಕ್ಷತೆ ನಾಳಿದ್ದು ಸಾಯಂಕಾಲ!”

“ನಾಳಿದ್ದು ಬೆಳಗ್ಗೆ ನಾನೇ ಬರ್ತೀನಿ. ನೀವು ಹೋಗಿ ಮಗ್ಗಿ ಹೇಳ್ಕೊಡಿ.”

ತಮ್ಮ ಹೆಗಲ ವಲ್ಲಿಯಲ್ಲೇ ಅದನ್ನು ಬಿಗಿಯಾಗಿ ಸುತ್ತಿ ಕೊಟ್ಟರು.

ಹೇಳಿದ ಹೊತ್ತಿಗೆ ಬಂದರು. ಸುತ್ತಿಗೆಯಿರಲಿ, ಉಳಿಯನ್ನೂ ತಂದಿರಲಿಲ್ಲ. ಕೀಗಳನ್ನು ಮುಟ್ಟದೆ ಎರಡೂ ಕಡೆ ಬರಿಮರವನ್ನು ಹಿಡಿದು, ಕಣ್ಣು ಮುಚ್ಚಿ, ಮಗುವಿನ ಹಾಲುಹಲ್ಲು ಅಲ್ಲಾಡಿಸುವ ಹಾಗೆ ಅತ್ತ ಇತ್ತ ಓಲಾಡಿಸಿದರು. ಟಕ್ ಎಂದು ಬಿಟ್ಟಿತು. ಸಂದಿಗೆ ಸುತ್ತಿದ್ದ ಕಾರ್ಕ್ ಬೆಂಡಿಗೆ ಮೇಣದಬತ್ತಿ ಸವರಿ, ನೇರವಾಗಿ ಜೋಡಿಸಿ ಕೊಟ್ಟರು. ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವ ಬೆರಳುಗಳು ಅಷ್ಟು ಹಗುರವಾಗಿ ಮುಟ್ಟಬಲ್ಲವೆಂದು ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಸಾಧನೆ ಮಾಡಿದ್ದ ನನ್ನ ಬೆರಳುಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.

ಅಂದು ಸಂಜೆ ಮಾವನವರು ತಲೆದೂಗಿದರು. ಕೊನೆಗೆ ಹತ್ತಿರ ಬಂದು, “ಚೆನ್ನಾಗಿತ್ತು ಅಳಿಯಂದ್ರೇ. ಮಧ್ಯೆ ಮಧ್ಯೆ ಶೀತ ಆದವರ ಹಾಗೆ ಸೊರ್ ಅಂತಿತ್ತಲ್ಲ, ಅದೇನು?” ಎಂದರು.

ಮನೆಗೆ ಬಂದು ಹುಡುಕಿದೆ. ತೂತು ಮುಚ್ಚುವ ತೊಗಲ ಬಿಲ್ಲೆಯೊಂದರ ಕೆಳಗೆ ಒಂದು ರಾಗಿ ಕಾಳು. ಆಚಾರ್ರು ಸುತ್ತಿದ್ದ ವಲ್ಲಿಯೊಳಕ್ಕೆ ಕಾಳು ನುಗ್ಗುವಂತಿರಲಿಲ್ಲ. ಮರ ಸೀಳಿತೇನೋ ಎಂದು ಎರಡು ದಿನದಲ್ಲಿ ಏಳು ಸಲ ಗುಡಾಣಕ್ಕೆ ಕೈ ಹಾಕಿ ಗಂಟು ಬಿಚ್ಚಿ ನೋಡಿದವನು ನಾನೇ.

ಈ ಮಳೆಗಾಲದಲ್ಲಿ ಸಂದು ಮತ್ತೆ ಬಿಗಿದಿದೆ. ಬೆಳಗ್ಗೆಯೇ ಬಟ್ಟೆ ಸುತ್ತಿ ರಾಗಿಯಲ್ಲಿ ಹೂತಿಟ್ಟು, ಕೈ ಸುಮ್ಮನಿರಲೆಂದು ನಿಮ್ಮೊಡನೆ ಹರಟುತ್ತಾ ಕೂತಿದ್ದೇನೆ. ಮಧ್ಯಾಹ್ನವಾಯಿತು. ಇನ್ನೂ ಒಂದು ಸಲವೂ ಎದ್ದಿಲ್ಲ.